ರಾತ್ರಿ ಬೈಕ್ ಮೇಲೆ ಬರುವ ಸೇಂದಿ ಕವರ್: ರಾಯಚೂರಿನವರೇ ಹುಷಾರು

ರಾಯಚೂರಿನಲ್ಲಿ ರಾತ್ರಿ ಗೆಳೆಯರ ಜೊತೆ ಹೊರಗೆ ಕೂತು ಕುಡಿಯುವವರು ಇದನ್ನು ಓದಿ. ಕುಡಿಯಬೇಡಿ ಅಂತ ಬುದ್ಧಿ ಹೇಳಲು ಬಂದಿಲ್ಲ, ನಾನೂ ಕುಡಿಯುವವನೇ. ಪ್ಲಾಸ್ಟಿಕ್ ಕವರ್‌ನಲ್ಲಿ ಬರುವ ಸೇಂದಿಯನ್ನು, ಅಂದರೆ ಹೆಂಡವನ್ನು, ಮಾತ್ರ ಮುಟ್ಟಬೇಡಿ. ಅದರಲ್ಲೂ ಒಂದು ಸುತ್ತು ವಿಸ್ಕಿ ಆದಮೇಲೆ.

ಇದು ಹೇಗೆ ಶುರುವಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬಾರ್‌ನಲ್ಲಿ ಕೂತರೆ ಬಿಲ್ ಜಾಸ್ತಿ. ಎಂಆರ್‌ಪಿ ಅಂಗಡಿಯಲ್ಲಿ ಕೂರಲು ಬಿಡುವುದಿಲ್ಲ, ಅವರ ಸಿಎಲ್-2 ಲೈಸೆನ್ಸ್ ಇರುವುದು ಪಾರ್ಸೆಲ್ ಮಾರಲಷ್ಟೇ. ಹಾಗಾಗಿ ಕ್ವಾರ್ಟರ್, ನೀರು, ಮಿರ್ಚಿ ಭಜಿ ಕಟ್ಟಿಸಿಕೊಂಡು ಊರ ಹೊರಗಿನ ಖಾಲಿ ಲೇಔಟ್‌ಗೆ ಹೋಗುವುದು. ಅವತ್ತೂ ಅದೇ. ಗೆಳೆಯನ ಮದುವೆ ಗೊತ್ತಾಗಿತ್ತು, ಅದರ ಪಾರ್ಟಿ. ಗಾಡಿ ಓಡಿಸುವ ಸರದಿ ನನ್ನದು, ಹಾಗಾಗಿ ಥಮ್ಸ್ ಅಪ್ ಹಿಡಿದು ಕೂತಿದ್ದೆ. ತಂದಿದ್ದು ಮುಗಿಯುವ ಹೊತ್ತಿಗೆ ಹನ್ನೊಂದೂವರೆ ದಾಟಿ ಬಾರ್‌ಗಳೂ ಬಂದ್ ಆಗಿದ್ದವು. ಒಬ್ಬ ಯಾರಿಗೋ ಫೋನ್ ಹಚ್ಚಿದ. ಬೈಕ್ ಮೇಲೆ ಬಂದವನು ಸೇಂದಿ ಕವರ್ ಕೊಟ್ಟು, ರೊಕ್ಕ ಎಣಿಸಿಕೊಂಡು ಹೋದ.

ಸೇಂದಿ ಅಂದರೆ ಮರದಿಂದ ಇಳಿಸಿದ್ದು, ತಂಪು, ಏನೂ ಆಗಲ್ಲ ಅಂತ ನಮ್ಮ ಕಡೆ ನಂಬಿಕೆ. ಈಚಲ ಮರದ ನಿಜವಾದ ಸೇಂದಿ ಒಂದೇ ದಿನಕ್ಕೆ ಹುಳಿಯಾಗುತ್ತದೆ. ಮಧ್ಯರಾತ್ರಿ ಫೋನ್ ಮಾಡಿದರೆ ಬೇಕಾದಷ್ಟು ಬರಲು ಅಷ್ಟು ಮರ ಎಲ್ಲಿವೆ? ನಮ್ಮ ಜಿಲ್ಲೆಯಲ್ಲಿ ಸೇಂದಿ ಮಾರಲು ಲೈಸೆನ್ಸೇ ಇಲ್ಲ. ಹೀಗೆ ಕದ್ದು ಮಾರುವುದರಲ್ಲಿ ಹೆಚ್ಚಾಗಿ ಸಿಎಚ್ ಪೌಡರ್ ಕದಡಿರುತ್ತಾರೆ. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್, ಹಳೇ ಕಾಲದ ನಿದ್ದೆ ಔಷಧ. ಹೊಟ್ಟೆಯಲ್ಲಿ ಮೊದಲೇ ವಿಸ್ಕಿ ಇದ್ದರೆ ಒಂದರ ಮತ್ತನ್ನು ಇನ್ನೊಂದು ಏರಿಸುತ್ತದೆ. ಉಸಿರು ನಿಧಾನವಾಗುತ್ತದೆ, ಎದೆಬಡಿತ ತಾಳ ತಪ್ಪಬಹುದು.

ನಮ್ಮವನೊಬ್ಬ ಕೂತಲ್ಲೇ ಒರಗಿದ. "ಏರ್ಯಾದ ಬಿಡಲೇ, ಮಲಗ್ಲಿ" ಅಂತ ಉಳಿದವರು ನಕ್ಕರು. ಅವನ ಗೊರಕೆ ಮಾತ್ರ ಗಂಟಲಲ್ಲಿ ನೀರು ತುಂಬಿದ ಹಾಗಿತ್ತು. ಕೆನ್ನೆಗೆ ಹೊಡೆದರೂ ಕಣ್ಣು ಬಿಡಲಿಲ್ಲ. ಮೊಬೈಲ್ ಟಾರ್ಚ್ ಹಾಕಿದರೆ ತುಟಿ ನೀಲಿಗಟ್ಟಿತ್ತು. ಆಗಲೂ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಅಂತ ಜಗಳ. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ, ಸಾರ್ವಜನಿಕ ಜಾಗದಲ್ಲಿ ಕುಡಿದಿದ್ದಕ್ಕೆ ಅಬಕಾರಿ ಕಾಯ್ದೆ 15ಎ ಕೇಸ್ ಹಾಕುತ್ತಾರೆ, ಮನೆಗೆ ಗೊತ್ತಾಗುತ್ತದೆ. ಒಬ್ಬ ಮಜ್ಜಿಗೆ ಕುಡಿಸೋಣ ಅಂದ, ಇನ್ನೊಬ್ಬ ನಿಂಬೆಹಣ್ಣು ಹಿಂಡೋಣ ಅಂದ. ಎಚ್ಚರ ಇಲ್ಲದವನ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ದಯವಿಟ್ಟು ಏನೂ ಹಾಕಬೇಡಿ.

ಕೊನೆಗೆ ಅವನನ್ನು ಆಸ್ಪತ್ರೆಗೆ ಒಯ್ದೆವು. "ಏನ್ ಕುಡದಾನ? ಖರೇ ಹೇಳ್ರಿ" ಅಂತ ಡಾಕ್ಟರ್ ಕೇಳಿದರು.

"ಬರೀ ವಿಸ್ಕಿ ರೀ ಸರ" ಅಂತ ನಮ್ಮವನೊಬ್ಬ ಸುಳ್ಳು ಬಿಟ್ಟ. ಅಂಥ ಹೊತ್ತಲ್ಲೂ! ಸೇಂದಿ ಕುಡಿದಿದ್ದಾನೆ ಅಂತ ನಾನೇ ಬಾಯಿಬಿಟ್ಟೆ. ಆದರೆ ಮುಂದಿನ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ. ಪೌಡರ್ ಎಷ್ಟು ಹಾಕಿದ್ದರು? ಸಿಎಚ್ ಒಂದೇನಾ, ನಿದ್ದೆ ಗುಳಿಗೆಯನ್ನೂ ಅರೆದು ಹಾಕಿದ್ದರಾ? ಬಾಟಲಿಯಾಗಿದ್ದರೆ ಲೇಬಲ್ಲಾದರೂ ಇರುತ್ತಿತ್ತು. ಈ ಪೌಡರ್‌ಗೇ ಅಂತ ಮಾರುಮದ್ದು ಇಲ್ಲ. ಅಮಲು ಇಳಿಯುವವರೆಗೆ ಉಸಿರು ನಿಲ್ಲದಂತೆ ನೋಡಿಕೊಳ್ಳಬೇಕು, ಅಷ್ಟೇ. ವೆಂಟಿಲೇಟರ್ ಹಾಕಿದರು. ಬದುಕಿದ. ಅವನ ಅಪ್ಪ ಬಿತ್ತನೆಗೆ ಇಟ್ಟ ರೊಕ್ಕ ಆಸ್ಪತ್ರೆಗೆ ಹೋಯಿತು.

ನಿಮ್ಮೆದುರು ಯಾರಾದರೂ ಹೀಗೆ ಬಿದ್ದರೆ ಅಂಗಾತ ಬಿಡಬೇಡಿ, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಉಳಿದ ಕವರ್ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಕೇಸಿನ ಚಿಂತೆ ಬೆಳಿಗ್ಗೆ ಮಾಡಿದರಾಯಿತು.

ಇನ್ನೊಂದು ಮಾತು, ಮನೆಯಲ್ಲಿ ದಿನಾ ಈ ಸೇಂದಿ ಕುಡಿಯುವವರು ಇರುವವರಿಗೆ. ಒಮ್ಮೆಲೇ ಬಿಡಿಸಲು ಹೋಗಬೇಡಿ. ಕೈ ನಡುಗುತ್ತದೆ, ಏನೇನೋ ಬಡಬಡಿಸುತ್ತಾರೆ, ಫಿಟ್ಸ್ ಕೂಡ ಬರಬಹುದು. ಕೋಣೆಗೆ ಹಾಕಿ ಬೀಗ ಜಡಿಯುವ ಬದಲು ರಿಮ್ಸ್‌ನಂಥ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ, ಡಾಕ್ಟರ್ ನಿಗಾದಲ್ಲೇ ಬಿಡಿಸಿ.