56 ಮೊಟ್ಟೆಯ ಇನ್‌ಕ್ಯುಬೇಟರ್: ಮೂರು ಮಳೆಗಾಲದ ನಂತರ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ 56 ಮೊಟ್ಟೆ ಹಿಡಿಯುವ ಈ ಇನ್‌ಕ್ಯುಬೇಟರನ್ನು ಮೂರು ಮಳೆಗಾಲ, ಎರಡು ಬೇಸಿಗೆ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಉಷ್ಣತೆಯ ಬಗ್ಗೆ ದೂರಿಲ್ಲ, 37.7 ಡಿಗ್ರಿಗೆ ಇಟ್ಟರೆ ಅಲ್ಲೇ ನಿಲ್ಲುತ್ತದೆ. ಮೊಟ್ಟೆ ಹೊರಳಿಸುವ ಮೋಟಾರು ಒಮ್ಮೆಯೂ ಕೈಕೊಟ್ಟಿಲ್ಲ. ತಕರಾರೆಲ್ಲ ತೇವಾಂಶದ್ದು.

ಎರಡೂ ನೀರಿನ ತೊಟ್ಟಿಗಳನ್ನು ಮೊದಲ ದಿನವೇ ತುಂಬಿಸಬೇಕೆಂದು ಕೈಪಿಡಿಯಲ್ಲಿದೆ. ಆಷಾಢದಲ್ಲಿ ಕಾವಿಗಿಟ್ಟ ಮೊದಲ 30 ನಾಟಿ ಮೊಟ್ಟೆಗಳಿಗೆ ಹಾಗೆಯೇ ಮಾಡಿದೆ. ಏಳನೆಯ ದಿನ ಟಾರ್ಚ್ ಹಿಡಿದು ನೋಡಿದಾಗ 24ರಲ್ಲಿ ರಕ್ತನಾಳಗಳು ಕಂಡವು; 21ನೆಯ ದಿನ ಹೊರಬಂದದ್ದು ಒಂಬತ್ತೇ ಮರಿ. ಉಳಿದವನ್ನು ಒಡೆದು ನೋಡಿದರೆ ಹೆಚ್ಚಿನವು ಪೂರ್ತಿ ಬೆಳೆದು, ಊದಿಕೊಂಡು, ಚಿಪ್ಪಿನೊಳಗೇ ಸತ್ತಿದ್ದವು. ಮೊಟ್ಟೆಯ ನೀರು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಆರಿದಷ್ಟೂ ಮೊಂಡು ತುದಿಯ ಗಾಳಿಗೂಡು ಹಿಗ್ಗುತ್ತದೆ, ಮರಿ ಮೊದಲ ಉಸಿರೆಳೆಯುವುದೂ ಅದರಿಂದಲೇ. ಸುತ್ತಲಿನ ಗಾಳಿ ಅತಿಯಾಗಿ ಒದ್ದೆಯಾಗಿದ್ದರೆ ಆ ಗೂಡು ಬೆಳೆಯುವುದಿಲ್ಲ.

ಆಗ ಇನ್‌ಕ್ಯುಬೇಟರ್ ಪೆಟ್ಟಿಗೆ ತೋರಿಸುತ್ತಿದ್ದ ಆರ್ದ್ರತೆ ಶೇ. 50. ಅನುಮಾನ ಬಂದು ಬೇರೊಂದು ಸಣ್ಣ ಆರ್ದ್ರತಾಮಾಪಕ ತಂದು, ಬಾಟಲಿಯ ಮುಚ್ಚಳದಲ್ಲಿ ಒದ್ದೆ ಮರಳಿನ ಹದಕ್ಕೆ ಕಲಸಿದ ಉಪ್ಪಿನೊಡನೆ ಬಿಗಿಯಾದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟೆ. ಒದ್ದೆ ಉಪ್ಪಿರುವ ಮುಚ್ಚಿದ ಡಬ್ಬಿಯಲ್ಲಿ ಆರ್ದ್ರತೆ ಶೇ. 75 ಬರಬೇಕು. 71 ಬಂತು, ಅಂದರೆ ನಾಲ್ಕು ಕೂಡಿಸಿಕೊಂಡರಾಯಿತು. ಅದೇ ಮಾಪಕವನ್ನು ಪೆಟ್ಟಿಗೆಯೊಳಗಿಟ್ಟಾಗ ನಿಜವಾದ ಆರ್ದ್ರತೆ 62. ತಯಾರಕರಿಗೆ ಫೋನ್ ಮಾಡಿದರೆ ಸೆನ್ಸರ್ ಸರಿಯಾಗಿಯೇ ಇದೆ ಎಂಬ ಉತ್ತರ ಬಂತು. ಆ ಅಂಕಿಯ ಮೇಲೆ ಈಗ ಕಪ್ಪು ಟೇಪು ಅಂಟಿಸಿದ್ದೇನೆ.

ನಮ್ಮ ಮಳೆಗಾಲದ 23 ಡಿಗ್ರಿಯ, ಶೇ. 90 ಆರ್ದ್ರತೆಯ ಗಾಳಿಯೂ 37.7ಕ್ಕೆ ಬಿಸಿಯಾದಾಗ ಸುಮಾರು ಶೇ. 40ಕ್ಕೆ ಇಳಿಯುತ್ತದೆ. ಮೊಟ್ಟೆಗಳಿಂದ ಹೊರಬರುವ ತೇವವೂ ಸೇರಿದರೆ ಮೊದಲ 18 ದಿನಗಳಿಗೆ ಬೇಕಾದ 45–50 ತಾನಾಗಿಯೇ ಸಿಗುವುದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ 18 ದಿನ ತೊಟ್ಟಿಗೆ ಹನಿ ನೀರನ್ನೂ ಹಾಕುವುದಿಲ್ಲ. ಮಾರ್ಚ್‌ನ ಒಣಗಾಳಿಯಲ್ಲಿ ಒಂದು ತೊಟ್ಟಿಯಾದರೂ ತುಂಬಿರಲೇಬೇಕು. ನೀರಿನ ಆಳಕ್ಕಿಂತ ಅದರ ಮೇಲ್ಮೈ ಎಷ್ಟು ಅಗಲವಿದೆ ಎಂಬುದೇ ಇಲ್ಲಿ ಮುಖ್ಯ.

ಮಾಪಕಕ್ಕಿಂತಲೂ ನಾನು ನಂಬುವುದು ಅಡುಗೆಮನೆಯ ತಕ್ಕಡಿಯನ್ನು. 30 ಮೊಟ್ಟೆಗಳ ತೂಕ 1,350 ಗ್ರಾಂ ಇದ್ದರೆ 18ನೆಯ ದಿನಕ್ಕೆ ಶೇ. 12ರಷ್ಟು ಇಳಿದು 1,190ರ ಆಸುಪಾಸಿಗೆ ಬರಬೇಕು. ಏಳನೆಯ ದಿನ ಅರವತ್ತು ಗ್ರಾಂ ಕಡಿಮೆಯಾಗಿದ್ದರೆ ದಾರಿ ಸರಿಯಿದೆ ಎಂದರ್ಥ. ಮೂವತ್ತೇ ಇಳಿದಿದ್ದರೆ ನೀರು ತೆಗೆಯುತ್ತೇನೆ.

ಕೊನೆಯ ಮೂರು ದಿನ ಲೆಕ್ಕ ತಿರುಗುಮುರುಗು. ಹೊರಳಿಸುವುದನ್ನು ನಿಲ್ಲಿಸಿ ಆರ್ದ್ರತೆಯನ್ನು 65–70ಕ್ಕೆ ಏರಿಸಬೇಕು, ಗಾಳಿಕಿಂಡಿಯನ್ನು ಮಾತ್ರ ಮುಚ್ಚಬಾರದು. ಕಳೆದ ಬೇಸಿಗೆಯಲ್ಲಿ, ಒಣಗಿದ ಮರಿಗಳನ್ನು ತೆಗೆಯುವ ಆತುರದಲ್ಲಿ ನಾಲ್ಕೈದು ಸಲ ಮುಚ್ಚಳ ತೆರೆದು ಪೆಟ್ಟು ತಿಂದೆ: ಚಿಪ್ಪು ಬಿರುಕುಬಿಟ್ಟಿದ್ದ ಎರಡು ಮೊಟ್ಟೆಗಳ ಒಳಪೊರೆ ಹಪ್ಪಳದಂತೆ ಒಣಗಿ ಮರಿಯ ಮೈಗೆ ಅಂಟಿಕೊಂಡಿತ್ತು. ಒಡಲಲ್ಲಿ ಉಳಿದ ಹಳದಿಯ ಬಲದಿಂದ ಮರಿಗಳು ಒಂದು ದಿನ ನೀರು, ಮೇವಿಲ್ಲದೆ ಇರಬಲ್ಲವು. ಆತುರವೆಲ್ಲ ನನ್ನದೇ ಆಗಿತ್ತು. ಈಗ ಮುಚ್ಚಳ ತೆರೆಯದೆ, ಪಕ್ಕದ ರಂಧ್ರದಿಂದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಹಾಕುತ್ತೇನೆ.

ಹೋದ ಆಷಾಢದ ಸರದಿಯಲ್ಲಿ 26 ಫಲಿತ ಮೊಟ್ಟೆಗಳಿಂದ 21 ಮರಿಗಳಾದವು. ಐದು ಅಂಕಗಳಲ್ಲಿ ಮೂರು ಕೊಡುತ್ತೇನೆ; ಬೇರೆ ಮಾಪಕಕ್ಕೂ ತಕ್ಕಡಿಗೂ ಖರ್ಚು ಮಾಡಲು ಸಿದ್ಧರಿದ್ದರೆ ಕೊಳ್ಳಬಹುದು, ಕೈಪಿಡಿಯನ್ನೇ ನಂಬಿ ಮಲೆನಾಡಿನಲ್ಲೋ ಕರಾವಳಿಯಲ್ಲೋ ಬಳಸುವುದಾದರೆ ಬೇಡ.