ಹಳೆಯ ವಾಕಿಟಾಕಿಗೆ ಹೊಸ ಸೆಲ್: ಬೆಳಗಾವಿಯ ಒಂದು ರಿಪೇರಿ ಅಂಗಡಿಯ ಅನುಭವ

ಐಕಾಂ ಕಂಪನಿಯ ಐಸಿ-ವಿ8 ವಾಕಿಟಾಕಿ ಹದಿನೈದು ವರ್ಷಗಳಿಂದ ನನ್ನ ಬಳಿ ಇದೆ. 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಹವ್ಯಾಸಿ ರೇಡಿಯೋ (ಹ್ಯಾಮ್) ತರಂಗಪಟ್ಟಿಯಲ್ಲಿ ಐದೂವರೆ ವಾಟ್ ಶಕ್ತಿಯಿಂದ ಮಾತನಾಡುವ ಸೆಟ್ಟು ಇದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಹರಿದ ದಿನಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟಾಗಲೆಲ್ಲ ಗೆಳೆಯರೊಡನೆ ನನ್ನ ಸಂಪರ್ಕ ಉಳಿದದ್ದು ಇದರಿಂದಲೇ. ಸೆಟ್ಟಿನಲ್ಲಿ ಇಂದಿಗೂ ಯಾವ ದೋಷವೂ ಇಲ್ಲ. ಆದರೆ ಅದರೊಡನೆ ಬಂದ ಬಿಪಿ-209 ಬ್ಯಾಟರಿ, ಅಂದರೆ 7.2 ವೋಲ್ಟ್, ಎಷ್ಟು ವಿದ್ಯುತ್ತು ಹಿಡಿಯುತ್ತದೆಂಬ ಲೆಕ್ಕದಲ್ಲಿ 1100 ಮಿಲಿ ಆಂಪಿಯರ್ ಅವರ್‌ನ ನಿಕ್ಕಲ್ ಕ್ಯಾಡ್ಮಿಯಂ ಪ್ಯಾಕು, ರಾತ್ರಿಯಿಡೀ ಚಾರ್ಜ್ ಮಾಡಿದರೂ ಹತ್ತು ನಿಮಿಷ ಬಾಳದ ಸ್ಥಿತಿಗೆ ಬಂದಿತ್ತು. ಈ ಮಾದರಿಯ ತಯಾರಿಕೆ ನಿಂತು ಬಹಳ ಕಾಲವಾಗಿರುವುದರಿಂದ ಮೂಲ ಬ್ಯಾಟರಿ ಅಂಗಡಿಗಳಲ್ಲಿ ಸಿಗುವುದಿಲ್ಲ. ಅಪರೂಪಕ್ಕೆ ಸಿಕ್ಕಿದರೂ ಅದು ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತು ಸೊರಗಿದ ಸರಕಾಗಿರುತ್ತದೆ.

ಮೊದಲು ನಾನು ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ಈ ಸೆಟ್ಟಿಗೆ ಹೊಂದುವ ಬ್ಯಾಟರಿಯೊಂದನ್ನು ತರಿಸಿದೆ. ಚೀಟಿಯ ಮೇಲೆ ಸಾಮರ್ಥ್ಯ 2100 ಮಿಲಿ ಆಂಪಿಯರ್ ಅವರ್ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದರು. ಕೈಗೆ ಎತ್ತಿದ ಕೂಡಲೇ ಅದು ಹಳೆಯ ಪ್ಯಾಕಿಗಿಂತ ಹಗುರವಾಗಿದೆ ಎಂಬುದು ಗೊತ್ತಾಗಿ ಅನುಮಾನ ಹುಟ್ಟಿತು. ಪೂರ್ತಿ ಚಾರ್ಜ್ ಮಾಡಿ, ವಿದ್ಯುತ್ತಿಗೆ ತಡೆಯೊಡ್ಡುವ 15 ಓಮ್‌ನ ಒಂದು ದಪ್ಪ ರೆಸಿಸ್ಟರನ್ನು ಅದರ ತುದಿಗಳಿಗೆ ಜೋಡಿಸಿ, ಗಡಿಯಾರ ನೋಡುತ್ತ ಕುಳಿತೆ. ಈ ಹೊರೆಗೆ ಸುಮಾರು ಅರ್ಧ ಆಂಪಿಯರ್ ಹರಿಯುತ್ತದೆ. ಚೀಟಿಯ ಮಾತು ನಿಜವಾಗಿದ್ದರೆ ವೋಲ್ಟೇಜ್ ಆರಕ್ಕೆ ಇಳಿಯಲು ನಾಲ್ಕು ತಾಸಿಗೂ ಮೇಲೆ ಹಿಡಿಯಬೇಕಿತ್ತು. ಒಂದು ತಾಸು ಐವತ್ತು ನಿಮಿಷಕ್ಕೆ ಇಳಿದುಹೋಯಿತು. ಅಂದರೆ ಒಳಗಿದ್ದದ್ದು 900ಕ್ಕಿಂತ ಕಡಿಮೆ. ಸಂಕಟದ ಹೊತ್ತಿನಲ್ಲಿ ಇಂಥ ಚೀಟಿಯನ್ನು ನಂಬಿ ಹೊರಟವನ ಗತಿ ಏನಾದೀತು ಎಂದು ಯೋಚಿಸಿದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಮಾರಾಟಗಾರ ಹಣ ಮರಳಿಸಲಿಲ್ಲ.

ಎರಡನೆಯದಾಗಿ, ಇದೇ ಸೆಟ್ಟಿಗೆ ಕಂಪನಿ ಮಾಡುತ್ತಿದ್ದ ಬಿಪಿ-208 ಎಂಬ ಖಾಲಿ ಡಬ್ಬಿಯನ್ನು ಗೆಳೆಯರೊಬ್ಬರು ಕೊಟ್ಟರು. ಅದರಲ್ಲಿ ಗೋಡೆ ಗಡಿಯಾರಕ್ಕೆ ಹಾಕುವ ಅಳತೆಯ ಆರು ಸೆಲ್ ಹಿಡಿಯುತ್ತವೆ. ತುರ್ತಿಗೆ ಇದು ಒಳ್ಳೆಯ ಆಸರೆ, ಏಕೆಂದರೆ ಆ ಸೆಲ್ ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಪೂರ್ಣ ಶಕ್ತಿಯಲ್ಲಿ ಮಾತನಾಡುವಾಗ ಸೆಟ್ಟು ಒಂದೂವರೆ ಆಂಪಿಯರ್‌ನಷ್ಟು ಎಳೆಯುವುದರಿಂದ, ಸ್ಪ್ರಿಂಗುಗಳ ಸಡಿಲ ಸಂಪರ್ಕದಲ್ಲಿ ವೋಲ್ಟೇಜ್ ಕುಸಿದು ನಡುವೆಯೇ ಸೆಟ್ಟು ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಕೊನೆಗೆ ನಾನು ಹೋದದ್ದು ಖಡೇಬಜಾರಿನ ಹತ್ತಿರದ ಗಲ್ಲಿಯಲ್ಲಿರುವ ಒಂದು ಸಣ್ಣ ರಿಪೇರಿ ಅಂಗಡಿಗೆ. ಎಮರ್ಜೆನ್ಸಿ ಲೈಟು, ಡ್ರಿಲ್ಲಿಂಗ್ ಮಷೀನು, ತೂಕದ ಯಂತ್ರಗಳ ಬ್ಯಾಟರಿಗೆ ಹೊಸ ಸೆಲ್ ಕೂಡಿಸುವುದೇ ಅಲ್ಲಿನ ಕಸುಬು. ಪ್ಯಾಕನ್ನು ತಿರುಗಿಸಿ ನೋಡಿದ ಮಾಲೀಕರು, "ಸರ, ಸೆಲ್ ಅಷ್ಟ ಸತ್ತಾವ್ರಿ, ಡಬ್ಬಿ ಗಟ್ಟಿ ಐತಿ. ಹೊಸಾದು ಹುಡುಕಾಕ ಹೋಗಬ್ಯಾಡ್ರಿ" ಎಂದರು. ಅವರ ಕೆಲಸವನ್ನು ಪಕ್ಕದಲ್ಲೇ ಕುಳಿತು ನೋಡಲು ಬಿಟ್ಟದ್ದಕ್ಕೆ ನಾನು ಋಣಿ.

ಅಂಚಿನ ಅಂಟಿನ ಗೆರೆಯ ಮೇಲೆ ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಪ್ಯಾಕನ್ನು ನಾಲ್ಕೈದು ಸುತ್ತು ತಿರುಗಿಸಿದ ಮೇಲೆ ಡಬ್ಬಿ ಒಂದು ಚೂರೂ ಸೀಳದೆ ಎರಡಾಗಿ ಬಿಟ್ಟುಕೊಂಡಿತು. ಒಳಗಿದ್ದ ಆರು ಸೆಲ್‌ಗಳ ಪೈಕಿ ಎರಡರ ತಲೆಯ ಮೇಲೆ ಉಪ್ಪಿನಂಥ ಬಿಳಿ ಪುಡಿ ಕಟ್ಟಿತ್ತು. ಸೋರಿದ ಕ್ಷಾರ ಗಾಳಿಗೆ ಒಡ್ಡಿಕೊಂಡು ಹೀಗಾಗುತ್ತದೆ. ಅವರು ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಸಂಪರ್ಕದ ಪಟ್ಟಿಗಳನ್ನು ತಾಮ್ರದ ಬಣ್ಣ ಬರುವವರೆಗೆ ಒರೆಸಿದರು. ಹೊಸ ಸೆಲ್‌ಗಳಿಗಾಗಿ ನಾಲ್ಕು ದಿನ ಕಾಯಬೇಕಾಯಿತು. ಬಂದವು 2000 ಮಿಲಿ ಆಂಪಿಯರ್ ಅವರ್‌ನ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು. ಅವನ್ನು ನೇರವಾಗಿ ಜೋಡಿಸದೆ, ಒಂದೊಂದನ್ನೂ ಬೇರೆಬೇರೆಯಾಗಿ ಚಾರ್ಜ್ ಮಾಡಿ, ಮರುದಿನ ವೋಲ್ಟೇಜ್ ಅಳೆದು, ಹಿಂದೆ ಬಿದ್ದ ಒಂದನ್ನು ಬದಿಗಿಟ್ಟು ಬೇರೆಯದನ್ನು ಆರಿಸಿದರು. ಈ ಸಹನೆಯೇ ಪ್ಯಾಕಿನ ಆಯುಷ್ಯ. ಸಾಲಾಗಿ ಜೋಡಿಸಿದ ಸೆಲ್‌ಗಳಲ್ಲಿ ಒಂದು ಬೇಗ ಖಾಲಿಯಾದರೆ ಉಳಿದ ಐದರ ವಿದ್ಯುತ್ತು ಅದರೊಳಗೆ ಉಲ್ಟಾ ಹರಿದು ಅದನ್ನು ಕೊಂದೇಬಿಡುತ್ತದೆ, ಆಮೇಲೆ ಪ್ಯಾಕು ಪೂರ್ತಿ ಕೆಲಸಕ್ಕೆ ಬಾರದಾಗುತ್ತದೆ.

ಜೋಡಣೆಗೆ ಅವರು ಬೆಸುಗೆ ಕಡ್ಡಿಯನ್ನು ಸೆಲ್‌ಗಳ ಹತ್ತಿರ ತರಲಿಲ್ಲ. ಆ ಬಿಸಿಗೆ ಸೆಲ್‌ನ ಒಳಗಿನ ಪ್ಲಾಸ್ಟಿಕ್ ಸೀಲು ಕರಗುತ್ತದೆ. ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಯಂತ್ರದಿಂದ ಅಂಟಿಸಿ, ಪ್ರತಿ ಪಟ್ಟಿಯನ್ನೂ ಇಕ್ಕಳದಿಂದ ಎಳೆದು ಪರೀಕ್ಷಿಸಿದರು. ಹಳೆಯ ಪ್ಯಾಕಿನಲ್ಲಿ ಸೆಲ್‌ಗಳ ನಡುವೆ ಒತ್ತಿಟ್ಟಿದ್ದ, ಬಿಸಿ ಹೆಚ್ಚಾದರೆ ವಿದ್ಯುತ್ತನ್ನು ಕಡಿಯುವ ಪುಟ್ಟ ಬಿಡಿಭಾಗವನ್ನು ಮರೆಯದೆ ಅದೇ ಜಾಗದಲ್ಲಿ ಕೂಡಿಸಿದರು. ಆನ್‌ಲೈನ್‌ನಲ್ಲಿ ಬಂದ ಪ್ಯಾಕನ್ನು ಆಮೇಲೆ ಬಿಚ್ಚಿಸಿದಾಗ ಅದರಲ್ಲಿ ಆ ಭಾಗವೇ ಇರಲಿಲ್ಲ.

ಸೆಲ್ ಮತ್ತು ಕೂಲಿ ಸೇರಿ 1,350 ರೂಪಾಯಿ ಕೊಟ್ಟೆ. ಅದೇ ರೆಸಿಸ್ಟರಿನ ಪರೀಕ್ಷೆಯಲ್ಲಿ ಈ ಪ್ಯಾಕು ನಾಲ್ಕು ತಾಸಿಗೆ ಐದು ನಿಮಿಷ ಕಡಿಮೆ ಬಾಳಿತು, ಅಂದರೆ 1900ರ ಹತ್ತಿರ. ಮುಂದಿನ ಭಾನುವಾರ ಯಳ್ಳೂರಿನ ರಾಜಹಂಸಗಡ ಏರಿ, ಊರಿನೊಳಗಿದ್ದ ಗೆಳೆಯರೊಡನೆ ಪೂರ್ಣ ಶಕ್ತಿಯಲ್ಲಿ ಮಧ್ಯಾಹ್ನದವರೆಗೆ ಬಿಟ್ಟುಬಿಟ್ಟು ಮಾತನಾಡಿದೆ. ಸೆಟ್ಟು ಒಮ್ಮೆಯೂ ಆರಲಿಲ್ಲ.

ಅಂಗಡಿಯ ಕೊರತೆಗಳನ್ನೂ ಹೇಳಬೇಕು. ಕೇಳದಿದ್ದರೆ ರಸೀದಿ ಕೊಡುವುದಿಲ್ಲ. ಮೂರು ತಿಂಗಳ ಖಾತರಿ ಬರೀ ಬಾಯಿಮಾತಿನದು. ನಾನು ಒತ್ತಾಯಿಸಿ ರಸೀದಿಯ ಹಿಂಬದಿಯಲ್ಲಿ ಬರೆಸಿಕೊಂಡೆ. ಚಾರ್ಜಿಂಗ್ ಕಾಲ ಬದಲಾಗುತ್ತದೆ ಎಂಬುದನ್ನೂ ಅವರು ತಾವಾಗಿ ತಿಳಿಸಲಿಲ್ಲ. ಹಳೆಯ ನಿಧಾನ ಚಾರ್ಜರಿನಲ್ಲಿ 1100ರ ಪ್ಯಾಕು ಹದಿನೈದು ತಾಸಿನಲ್ಲಿ ತುಂಬುತ್ತಿದ್ದರೆ 2000ದ್ದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಬೇಕು. ಇನ್ನೊಂದು ಮುಖ್ಯ ಮಾತು: ಇದೇ ಆಕಾರದ ಡಬ್ಬಿಯಲ್ಲಿ 7.4 ವೋಲ್ಟ್‌ನ ಲಿಥಿಯಂ ಪ್ಯಾಕು ಕೊಡುತ್ತೇವೆಂದು ಯಾರಾದರೂ ಮುಂದೆ ಬಂದರೆ, ಅದಕ್ಕೆ ತಕ್ಕ ಚಾರ್ಜರ್ ಜೊತೆಗಿಲ್ಲದೆ ಕೊಳ್ಳಬೇಡಿ. ನಿಕ್ಕಲ್ ಸೆಲ್‌ಗಳಿಗೆಂದು ಮಾಡಿದ ಚಾರ್ಜರ್ ಲಿಥಿಯಂ ಸೆಲ್ ತುಂಬಿದಾಗ ನಿಲ್ಲಬೇಕೆಂಬುದನ್ನು ಅರಿಯದು. ಅದರಿಂದ ಬೆಂಕಿಯ ಅಪಾಯವಿದೆ.

ಬಿಚ್ಚಿದ ಹಳೆಯ ಸೆಲ್‌ಗಳನ್ನು ಮಾಲೀಕರು ಕಸಕ್ಕೆ ಎಸೆಯದೆ, ಮೇಜಿನ ಕೆಳಗಿದ್ದ ಮುಚ್ಚಳದ ಎಣ್ಣೆ ಡಬ್ಬಿಗೆ ಹಾಕಿದರು. ಕ್ಯಾಡ್ಮಿಯಂ ವಿಷವಾದ್ದರಿಂದ ಮರುಬಳಕೆಯವರು ಬಂದಾಗ ಒಟ್ಟಿಗೆ ಕೊಡುವುದು ಅವರ ರೂಢಿಯಂತೆ. ನನ್ನ ಬಳಿ ಇದ್ದ ಇನ್ನೊಂದು ಸತ್ತ ಪ್ಯಾಕನ್ನು ಕಳೆದ ವಾರ ಅದೇ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.