ಬೆಂಗಳೂರು–ಮಂಗಳೂರು ರಾತ್ರಿ ಸ್ಲೀಪರ್: ಗಿಟಾರಿಗೂ ಒಂದು ಬರ್ತ್ ಬೇಕು

ಬಸ್ಸಿನ ಹೆಸರು ಬೇಡ ಬಿಡಿ, ಖಾಸಗಿ ಏಸಿ ಸ್ಲೀಪರ್, ಅಷ್ಟೇ. ತಿಂಗಳಿಗೆ ಎರಡು ಮೂರು ಸಲ ಗಿಟಾರ್ ಹೊತ್ತು ಮಂಗಳೂರಿನ ಕೆಫೆಗಳಲ್ಲಿ ಹಾಡಲು ಹೋಗುತ್ತೇನೆ. ಒಬ್ಬನೇ. ಸಾಮಾನು ಕಾಯುವವರಿಲ್ಲ, ಹಾಗಾಗಿ ಊಟಕ್ಕೆ ನಿಲ್ಲಿಸಿದಾಗಲೂ ಗಿಟಾರ್ ಹೆಗಲ ಮೇಲೇ ಇರುತ್ತದೆ, ನೋಡಿದವರು ನಗುತ್ತಾರೆ.

ಹಾಸಿಗೆ ಶುಚಿಯಾಗಿತ್ತು, ಟೈಮಿಗೆ ಹೊರಟಿತು. ತಕರಾರು ಡಿಕ್ಕಿಯದು. ಕ್ಲೀನರ್ ಹುಡುಗ 'ಕೆಳಗೆ ಹಾಕಿ ಸಾರ್, ಏನೂ ಆಗಲ್ಲ' ಅಂದ. ಅಲ್ಲಿ ನೋಡಿದರೆ ಬೈಕಿನ ಟೈರು, ತರಕಾರಿ ಮೂಟೆ! ನನ್ನದು ಬಟ್ಟೆಯ ಬ್ಯಾಗು, ಒಳಗಿರುವುದು ಒಂದು ಮೀಟರ್ ಉದ್ದದ ತೆಳು ಮರ, ಶಿರಾಡಿ ಘಾಟಿಯ ತಿರುವಿನಲ್ಲಿ ಮೂಟೆ ಜಾರಿ ಮೇಲೆ ಬಿದ್ದರೆ ಕತ್ತು ಮುರಿಯುವುದು ಗಿಟಾರಿನದು, ಅವನದಲ್ಲ ಅಲ್ವಾ? ಹತ್ತು ನಿಮಿಷ ವಾದಿಸಿ ಬರ್ತಿಗೇ ತಂದೆ. ತಬ್ಬಿಕೊಂಡು ಮಲಗಿದೆ, ಅಂದರೆ ಮಲಗಲಿಲ್ಲ.

ನೀವೂ ವಾದ್ಯ ಒಯ್ಯುವವರಾದರೆ ಕೆಳಗಿನ ಒಂಟಿ ಬರ್ತ್ ತಗೊಳ್ಳಿ. ತಂತಿ ಸ್ವಲ್ಪ ಸಡಿಲ ಮಾಡಿ, ಏಸಿ ಕಿಂಡಿ ಮುಚ್ಚಿ. ರಾತ್ರಿಯೆಲ್ಲ ಒಣ ತಂಪಿನಲ್ಲಿದ್ದ ಮರ ಬೆಳಿಗ್ಗೆ ಕರಾವಳಿಯ ಸೆಕೆಗೆ ಬಂದರೆ ಶ್ರುತಿ ನಿಲ್ಲುವುದಿಲ್ಲ. ಇಳಿದ ಕೂಡಲೇ ಬ್ಯಾಗ್ ತೆರೆಯಬೇಡಿ, ಅರ್ಧ ಗಂಟೆ ಸುಮ್ನೆ ಬಿಡಿ. ಅಷ್ಟರಲ್ಲಿ ನಾನು ಬನ್ಸು, ಚಹಾ ಮುಗಿಸುತ್ತೇನೆ.

5ಕ್ಕೆ 3. ಚಾರ್ಜಿಂಗ್ ಪಾಯಿಂಟ್ ಕೆಲಸ ಮಾಡಿದ್ದರೆ ಇನ್ನರ್ಧ ಕೊಡುತ್ತಿದ್ದೆ. ಹಾಡಿನ ಸಾಲುಗಳೆಲ್ಲ ಫೋನಿನಲ್ಲಿದ್ದವು, ಫೋನ್ ಹಾಸನದಲ್ಲೇ ಸತ್ತಿತ್ತು.